ಅಕ್ಕನ ಸಿಳ್ಳೆ

ಮೂರನೆಯ ಸಲವೂ ಸಿಳ್ಳೆ ಬರಲಿಲ್ಲ.

ತಮ್ಮ ಕಳಿಸಿದ್ದ ಹೊಸ ಹಾಡನ್ನು ಅಕ್ಕ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕಿದಳು. ಧಿಮ್ ಧಿಮ್ ಎಂದು ತಮ್ಮನ ತಾಳ ಬಂತು. ನೆಲ ನಡುಗಿಸುವ ಮಂದ್ರ ಬಂತು. ಸಿಳ್ಳೆ ಏಳಬೇಕಾದ ಜಾಗವೂ ಬಂತು, ಖಾಲಿಯಾಗಿಯೇ ಹೊರಟುಹೋಯಿತು. ಇಷ್ಟು ವರ್ಷ ಜನ ಯಾವುದಕ್ಕೆ ಕುಣಿದರೋ ಅದನ್ನೇ ಕಿತ್ತು ಬಿಸಾಕಿದ್ದಾನೆ ಮಹಾರಾಯ!

ಅಭಿಮಾನಿಗಳ ಬಾಯಲ್ಲಿ ಈ ಅಕ್ಕ-ತಮ್ಮನ ಜೋಡಿಗೆ 'ಸಿಳ್ಳೆ-ಗುಡುಗು' ಎಂದೇ ಹೆಸರು. ಅಕ್ಕ ಕೀಬೋರ್ಡಿನ ಬಲತುದಿಯಲ್ಲಿ ಸೂಜಿಯಂಥ ಸಿಳ್ಳೆಯ ರಾಗ ನುಡಿಸುತ್ತಿದ್ದಳು. ತಮ್ಮ ಕಂಪ್ಯೂಟರಿನಲ್ಲಿ ಗುಡುಗು ಎಬ್ಬಿಸುತ್ತಿದ್ದ. ತಮಾಷೆಯೆಂದರೆ, ಚಿಕ್ಕವನಿದ್ದಾಗ ಇವನಿಗೆ ಗುಡುಗೆಂದರೆ ಪ್ರಾಣಭಯ. ಓಡಿಬಂದು ಅಕ್ಕನ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದ, ಅವಳು ಎರಡೂ ಅಂಗೈಗಳಿಂದ ಅವನ ಕಿವಿ ಮುಚ್ಚುತ್ತಿದ್ದಳು. ಅಂಥವನು ಈಗ ಅವಳಿಗೇ ಕೈಕೊಟ್ಟಿದ್ದ.

ಹಳೆಯ ಹಾಡುಗಳನ್ನೆಲ್ಲ ಹೊಸ ಶೈಲಿಯಲ್ಲಿ ಮಾಡೋಣ ಎಂದವನು ಅವನೇ. ಓಡುತ್ತಿದ್ದ ಹಾಡು ನಿಧಾನಕ್ಕೆ ನಡೆಯಬೇಕು, ಕುಣಿಸುತ್ತಿದ್ದದ್ದು ತೂಗಬೇಕು. ಅಕ್ಕ ಖುಷಿಯಿಂದಲೇ ಒಪ್ಪಿದ್ದಳು. ತನ್ನ ಭಾಗವನ್ನು ಮತ್ತೆ ನುಡಿಸಿಯೂ ಕೊಟ್ಟಿದ್ದಳು, ಬೆರಳಿಗೆ ಬಾಯಿಪಾಠವಾದ ರಾಗ ತಾನೇ. ಬಲತುದಿಯ ಕೀಗಳು ಸತ್ತಂತಿದ್ದದ್ದು ಆಗಲೇ ಗಮನಕ್ಕೆ ಬಂತು. ರಿಪೇರಿಯವನು ಪೆಟ್ಟಿಗೆ ಬಿಚ್ಚಿ, ಒಂದೊಂದೇ ಕೀ ಒತ್ತಿ, "ಏನೂ ಆಗಿಲ್ಲವಲ್ಲ ಮೇಡಂ" ಎಂದು ತಲೆ ಕೆರೆದುಕೊಂಡ. ಅವನನ್ನು ಕರೆತಂದವನು ಯಾರು? ತಮ್ಮ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಸಂಜೆ ಅವನ ಮನೆಗೆ ಹೋದಳು. ಮೇಜಿನ ಮೇಲೆ ಹೊಸ ಹಾಡುಗಳ ಕಾರ್ಯಕ್ರಮದ ಪೋಸ್ಟರ್ ಬಿದ್ದಿತ್ತು. ಫೋಟೋದಲ್ಲಿ ತಮ್ಮ ಮುಂದೆ, ಅಕ್ಕ ಹಿಂದೆ.

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವೇನೋ?"

"ಎರಡು ಸಲ ಫೋನ್ ಮಾಡಿದ್ದೆ ಅಕ್ಕಾ. ನೀನು ಎತ್ತಲೇ ಇಲ್ಲ."

ಸುಳ್ಳು! ಫೋನ್ ಇಡೀ ದಿನ ಅವಳ ಪಕ್ಕದಲ್ಲೇ ಇತ್ತು. ಆದರೂ ಅವಳು ಕೋಪ ನುಂಗಿಕೊಂಡಳು. ಬಲೆ ಬೀಸಿಯೇ ನೋಡೋಣ ಎಂದುಕೊಂಡು ಕೇಳಿದಳು.

"ಹೊಸ ಹಾಡಲ್ಲಿ ನನ್ನ ಸಿಳ್ಳೆ ಹೇಗೆ ಬಂದಿದೆ?"

"ಅದಿಲ್ಲದೆ ಹಾಡೇ ಇಲ್ಲ ಬಿಡು."

ಕಣ್ಣು ಮಿಟುಕಿಸದೆ ಹೇಳಿದ. ಅಬ್ಬಾ, ಎಷ್ಟು ಬೆಣ್ಣೆ ಹಚ್ಚುತ್ತಾನೆ! ಅಷ್ಟರಲ್ಲಿ ತಮ್ಮನ ಹೆಂಡತಿ ಟೀ ತಂದಿಟ್ಟು, ಗಂಡನ ಕಡೆ ತಿರುಗಿ ಏನೋ ಅಂದಳು.

"ಏನದು ಗುಸುಗುಸು? ನನ್ನೆದುರಿಗೇ ಹೇಳಬಾರದಾ?"

"ಅಯ್ಯೋ, ಮಾಮೂಲಾಗೇ ಮಾತಾಡಿದೆ ಅತ್ತಿಗೆ," ಎಂದಳು ಅವಳು. ಗಂಡ-ಹೆಂಡತಿ ಮುಖ ಮುಖ ನೋಡಿಕೊಂಡರು.  ಅಕ್ಕ ಟೀ ಮುಟ್ಟದೆ ಎದ್ದಳು. ಮೆಟ್ಟಿಲಿಳಿಯುವಾಗ ಅಳು ಬಂತು, ಸೆರಗಿನಿಂದ ಮೂಗು ಒರೆಸಿಕೊಂಡು ಅಲ್ಲಿಯೇ ತೀರ್ಮಾನಿಸಿದಳು: ಕಾರ್ಯಕ್ರಮದ ದಿನ ಎಲ್ಲರೆದುರು ಸಿಳ್ಳೆ ಕೇಳಿಸುವುದು. ಆಮೇಲೆ ಮೈಕ್ ಹಿಡಿದು, ಜೋಡಿ ಇವತ್ತಿಗೆ ಮುಗಿಯಿತು ಎನ್ನುವುದು.

ಆ ದಿನ ಬಂತು. ತಾಲೀಮು ಮುಗಿಸಿ ಸೌಂಡ್ ಇಂಜಿನಿಯರ್ ಟೀಗೆ ಹೋದ. ಅಕ್ಕ ನೇರ ಅವನ ಮಿಕ್ಸರಿನ ಹತ್ತಿರ ಹೋಗಿ ನಿಂತಳು. ಅಕ್ಕಪಕ್ಕದಲ್ಲಿ ಎರಡು ಗುಂಡಿ, ಮೇಲಕ್ಕೆ ಜರುಗಿಸಿದರೆ ದನಿ ಏರುವಂಥವು. ಒಂದರ ಕೆಳಗೆ 'ಅಕ್ಕ', ಇನ್ನೊಂದರ ಕೆಳಗೆ 'ತಮ್ಮ'. ಎರಡೂ ಸಮಸಮ ನಿಂತಿದ್ದವು. ಯಾರ ಕಣ್ಣಿಗೆ ಮಣ್ಣೆರಚೋದಕ್ಕೋ ಈ ನ್ಯಾಯ? ಅವಳು ತನ್ನದನ್ನು ತುದಿಯವರೆಗೆ ತಳ್ಳಿದಳು. ವೇದಿಕೆಗೆ ಬಂದು, ಕೀಬೋರ್ಡಿನ ದನಿಯನ್ನೂ ಪೂರ್ತಿ ತಿರುಗಿಸಿದಳು.

ಸಭಾಂಗಣ ತುಂಬಿತು. ದೀಪ ಆರಿತು. ತಮ್ಮ ಅವಳ ಕಡೆ ನೋಡಿ ನಕ್ಕ. ನಗು ಮಗನೇ, ನಗು! ಧಿಮ್ ಧಿಮ್ ಶುರುವಾಯಿತು. ಜನ ಮೆಲ್ಲಗೆ ತೂಗತೊಡಗಿದರು. ಸಿಳ್ಳೆಯ ಜಾಗ ಹತ್ತಿರ ಬಂತು.

ಅಕ್ಕ ಬಲತುದಿಯ ಕೀ ಒತ್ತಿದಳು.

ಕೇಳಿಸಿತು! ದೂರದಲ್ಲಿ ಯಾರೋ ಕರೆದಂತೆ, ತೀರ ಸಣ್ಣಗೆ, ಆದರೆ ಕೇಳಿಸಿತು. ಎಷ್ಟು ತಿಂಗಳಾಗಿತ್ತು! ಅವಳ ಕಣ್ಣು ತುಂಬಿತು. ಅದುಮಿಟ್ಟರೆ ಅಡಗುತ್ತದೆ ಅಂದುಕೊಂಡಿದ್ದೆಯಾ? ಬೆರಳು ತೆಗೆಯದೆ, ಚಪ್ಪಾಳೆಗೆಂದು ತಲೆಯೆತ್ತಿದಳು.

ಮುಂದಿನ ಸಾಲಿನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು. ಅವರ ಹಿಂದಿನವರೂ ಅಷ್ಟೇ. ಒಂದು ಮಗು ಬಾಯಿ ದೊಡ್ಡದು ಮಾಡಿ ಅಳುತ್ತಿತ್ತು. ಬಾಗಿಲ ಹತ್ತಿರ ನೂಕುನುಗ್ಗಲು. ಸೌಂಡ್ ಇಂಜಿನಿಯರ್ ಜನರನ್ನು ತಳ್ಳಿಕೊಂಡು ಮಿಕ್ಸರಿನತ್ತ ಓಡುತ್ತಿದ್ದ.

ತಮ್ಮ ನೋವಿನಿಂದ ಮುಖ ಕಿವುಚಿಕೊಂಡು ಅವಳ ಬಳಿ ಓಡಿಬಂದ. ತನ್ನ ಕಿವಿ ಮುಚ್ಚಿಕೊಳ್ಳಲಿಲ್ಲ. ಹಿಂದೆ ಅವಳು ಅವನಿಗೆ ಮಾಡುತ್ತಿದ್ದಂತೆಯೇ, ಎರಡೂ ಅಂಗೈಗಳನ್ನು ಅವಳ ಕಿವಿಗಳ ಮೇಲೆ ಒತ್ತಿ ಹಿಡಿದ.

ಅವಳ ಬೆರಳು ಇನ್ನೂ ಕೀಯ ಮೇಲೆಯೇ ಇತ್ತು, ಮುಚ್ಚಿದ ಕಿವಿಗೆ ಈಗ ಕೇಳಿಸಿದ್ದು ಧಿಮ್ ಧಿಮ್ ಗುಡುಗು ಮಾತ್ರ: ಇಷ್ಟು ದಿನ ಮನೆಯಲ್ಲಿ, ಕಿವಿ ತೆರೆದುಕೊಂಡೇ, ಅವಳು ಕೇಳಿದ್ದ ಅದೇ ಹಾಡು.