ಕೂಸಿನ ಬಣ್ಣ

ಬಾಣಂತನಕ್ಕೆ ತವರಿಗೆ ಹೋಗಿದ್ದ ಸೊಸೆ ಮಗುವನ್ನು ಎತ್ತಿಕೊಂಡಿರುವ ಫೋಟೊ ಕಳಿಸಿದ್ದೇ ತಡ, ಈರವ್ವ ಅದನ್ನು ಮನೆಯ ಕಂಪ್ಯೂಟರಿನಲ್ಲಿ ದೊಡ್ಡದಾಗಿ ನೋಡಿ ಫೋನಿನಲ್ಲಿ ಹರಿಹಾಯ್ದಳು.

“ಕೂಸು ಅರಿಶಿಣ ಬಳದಂಗ ಕಾಣತೈತಿ! ಕಾಮಾಲಿ ಆಗಿದ್ದೂ ತಿಳಿಯಂಗಿಲ್ಲೇನ ನಿಮ್ಮವ್ವಗ?”

“ಕೂಸು ಗಟ್ಟಿಮುಟ್ಟ ಐತ್ರೀ ಅತ್ತಿ. ನಿಮ್ಮ ಮಾನಿಟರ್ ಕೆಟ್ಟೈತಿ.”

“ಮಾನಿಟರ್ ಅಲ್ಲ, ನಿಮ್ಮ ಮನಿತನ ಕೆಟ್ಟೈತಿ!”

ಸೊಸೆ ಫೋನಿಟ್ಟಳು. ಆ ಸೊಕ್ಕು ಮುರಿಯದೆ ಈರವ್ವನಿಗೆ ಊಟ ಸೇರುವಂತಿರಲಿಲ್ಲ. ಮಾನಿಟರ್ ಪರೀಕ್ಷಿಸಲು ಫೋಟೊ ಸ್ಟುಡಿಯೋದಲ್ಲಿ ಕೆಲಸ ಮಾಡುವ ಮಗಳನ್ನು ಕರೆಸಿದಳು. ಮಗಳು ಬಣ್ಣ ಅಳೆಯುವ ಪುಟ್ಟ ಯಂತ್ರವನ್ನು ಪರದೆಯ ಮೇಲೆ ಇಳಿಬಿಟ್ಟಳು. ಅದರ ಕೆಳಗೆ ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾದುಹೋದವು; ಅಳತೆಗೆ ತಕ್ಕಂತೆ ಮಗಳು ಪರದೆಯ ಬಣ್ಣ ಸರಿಪಡಿಸಿದಳು. ಮತ್ತೆ ಫೋಟೊ ತೆರೆದಾಗ ಹಿಂದಿನ ಗೋಡೆ ಸುಣ್ಣದ ಬಿಳುಪಿಗೆ ಬಂದಿತ್ತು, ಮೊಮ್ಮಗನ ಕೆನ್ನೆ ಕೆಂಪಗಿತ್ತು.

“ನೋಡಬೇ, ಹಳೇ ಮಾನಿಟರ್ ಹಳದಿ ಹೊಡೀತಿತ್ತು. ಈಗ ನಿನ್ನ ಸೊಸಿಗೆ ಫೋನ್ ಹಚ್ಚಿ ತಪ್ಪಾತು ಅನ್ನು,” ಎಂದಳು ಮಗಳು.

ಈರವ್ವ ಕನ್ನಡಕ ಒರೆಸಿಕೊಂಡು, ಮೂಗು ಪರದೆಗೆ ತಾಗುವಷ್ಟು ಬಾಗಿ ಬಹಳ ಹೊತ್ತು ನೋಡಿದಳು. ಆಮೇಲೆ ಮಗಳ ಕೈಯಿಂದಲೇ ಫೋನ್ ಕಸಿದು ಸೊಸೆಗೆ ಹಚ್ಚಿದಳು.

“ಇನ್ನೂ ಏನ ಬೈಯೂದು ಉಳದೈತ್ರೀ?” ಸೊಸೆಯೂ ಕೆರಳಿಯೇ ಇದ್ದಳು.

“ಬಾಯಿ ಮುಚ್ಚಿ ಕೇಳು. ಕೂಸು ಚೊಲೊ ಐತಿ. ಮಾನಿಟರ್ ಸರಿ ಮಾಡಿದ ಮ್ಯಾಲೂ ನಿನ್ನ ಕಣ್ಣ ಹಳದೀನೇ ಅದಾವ, ಈಗಿಂದೀಗ ದವಾಖಾನಿಗೆ ನಡಿ!”