ಅತ್ತೆ ಒಳಗೆ, ಸೊಸೆ ಹೊರಗೆ

ಧಡ್ ಎಂದು ಸ್ಟೋರ್ ರೂಮಿನ ಬಾಗಿಲು ಬಡಿಯಿತು. ಅದರ ಹಿಂದೆಯೇ ಟಿಕ್ ಎಂದಿತು. ಬಡಿದದ್ದು ಅತ್ತೆಯ ಸಿಟ್ಟು, ಟಿಕ್ ಎಂದದ್ದು ಬೀಗ. ಸಿಟ್ಟಾಗಿದ್ದರೆ ಹೊಟ್ಟೆ ಹಸಿದಾಗ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಬೀಗ ಹಾಗಲ್ಲ. ಕೀಲಿ ಎಂದೋ ಕಳೆದಿತ್ತು, ಒಳಗಡೆಯ ಹಿಡಿ ಮುರಿದಿತ್ತು. ಅದಕ್ಕೇ ಆ ಬಾಗಿಲನ್ನು ಯಾರೂ ಪೂರ್ತಿ ಹಾಕುತ್ತಿರಲಿಲ್ಲ. ರಿಪೇರಿ ಮಾಡಬೇಕಾದವಳು ಈ ಮನೆಯ ಸೊಸೆಯೇ. ಊರವರ ಬೀಗಗಳನ್ನೆಲ್ಲ ತೆಗೆದು ಬೀಗುತ್ತಿದ್ದವಳು, ಎಲ್ಲರ ಬಾಯಲ್ಲೂ ‘ಬೀಗದಕ್ಕ’.

ಸಿಟ್ಟಿನ ಕಾರಣ ಎದುರಿಗೇ ನಿಂತಿತ್ತು: ಪಕ್ಕದ ಬೀದಿಯ ಬಡಗಿ, ಅವನ ಕಂಕುಳಲ್ಲಿ ಬೀಗದಕ್ಕನ ಸಲಕರಣೆ ಪೆಟ್ಟಿಗೆ. ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕೀಮೋ ಡ್ರಿಪ್ ಶುರುವಾದ ಮೇಲೆ ಅವಳ ಬೆರಳ ತುದಿಗಳು ಮರಗಟ್ಟಿದ್ದವು. “ಸ್ಪರ್ಶ ನಿಧಾನಕ್ಕೆ ವಾಪಸ್ ಬರಬಹುದು” ಎಂದಿದ್ದರು ಡಾಕ್ಟರು. ಆ ‘ಬಹುದು’ ಅತ್ತೆಯ ಕಿವಿಯಲ್ಲಿ ‘ಬಂದೇ ಬರುತ್ತೆ’ ಎಂದಾಯಿತು, ಸೊಸೆಯ ಕಿವಿಯಲ್ಲಿ ‘ಬರಲ್ಲ’ ಎಂದಾಯಿತು. ಸೊಸೆ ಪೆಟ್ಟಿಗೆ ಮಾರಲು ಬಡಗಿಯನ್ನು ಕರೆಸಿದ್ದಳು. “ನನ್ನ ಕಣ್ಣೆದುರಿಗೆ ಮಾರಬೇಡ” ಎಂದು ಅತ್ತೆ ಒಳಗೆ ಹೋಗಿದ್ದರು.

“ಅತ್ತೇ, ಒಳಗೆ ಉಸಿರಾಡೋಕೆ ಆಗ್ತಿದ್ಯಾ?”

“ಕಿಟಕಿನೇ ಇಲ್ಲ, ಏನು ಉಸಿರಾಡ್ಲಿ? ನಿನ್ನ ಗಂಡ ಹರಿದ ಸಿಮೆಂಟ್ ಚೀಲ ತಂದಿಟ್ಟಿದ್ದಾನೆ. ಕತ್ತಲಲ್ಲಿ ಕಾಲು ತಾಗಿ ಅದೂ ಬಿತ್ತು, ಮೈಯೆಲ್ಲ ಧೂಳು.” ತಪ್ಪು ಮಾಡಿದ ದಿನ ಮಗ ಸೊಸೆಯ ಗಂಡನಾಗಿಬಿಡುತ್ತಾನೆ. ಆಮೇಲೆ ಕೆಮ್ಮು. ನಿಲ್ಲದ ಕೆಮ್ಮು.

ಅತ್ತೆಗೆ ಉಬ್ಬಸ. ಬಾಯಿಗಿಟ್ಟು ಎಳೆದುಕೊಳ್ಳುವ ಇನ್‌ಹೇಲರ್ ಪಂಪು ಅಡುಗೆಮನೆಯಲ್ಲಿತ್ತು. ಬೀಗದಕ್ಕ ಓಡಿ ಹೋಗಿ ತಂದಳು. ಬಾಗಿಲ ಕೆಳಗಿನ ಸಂದಿಯಲ್ಲಿ ಕಾಗದ ತೂರೀತು, ಪಂಪು ತೂರಲಿಲ್ಲ.

“ಒಂದೇ ಏಟು, ಬೀಗದಕ್ಕ. ಹೂಂ ಅನ್ನಿ.” ಬಡಗಿ ಉಳಿ, ಸುತ್ತಿಗೆ ಎತ್ತಿದ.

“ಒಡೀರಿ.”

“ಒಡೆದ್ರೆ ನೋಡು!” ಒಳಗಿನಿಂದ ಅತ್ತೆ. “ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದೀನಿ. ಉಳಿ ನನ್ನ ಬೆನ್ನಿಗೇ ಇಳಿಯುತ್ತೆ. ನನ್ನ ಸೊಸೆ ತೆಗೀತಾಳೆ.”

“ನನ್ನ ಕೈಲಿ ಆಗಲ್ಲ ಅತ್ತೆ. ಬೆರಳು ಸತ್ತುಹೋಗಿದೆ.”

“ಸತ್ತಿಲ್ಲ, ಮಲಗಿದೆ. ಎಬ್ಬಿಸು.”

“ಸಿನಿಮಾದಲ್ಲಿ ಹೇರ್‌ಪಿನ್ನಲ್ಲೇ ತೆಗೀತಾರಲ್ಲ...” ಎಂದ ಬಡಗಿ, ಅವಳ ತಲೆಗೆ ಸುತ್ತಿದ ಬಟ್ಟೆ ಕಂಡು ನಾಲಿಗೆ ಕಚ್ಚಿಕೊಂಡ. ಆ ಮನೆಯಲ್ಲಿ ಹೇರ್‌ಪಿನ್ ಇದ್ದದ್ದು ಒಂದೇ ತಲೆಯಲ್ಲಿ, ಆ ತಲೆ ಒಳಗಿತ್ತು. ಅವನು ಪೆಟ್ಟಿಗೆ ತೆರೆದು ಅವಳ ಮುಂದಿಟ್ಟ.

ಬೀಗದಕ್ಕ ಮೊಣಕಾಲೂರಿದಳು. ಎಡಗೈಲಿ ಬಾಗಿದ ಉಕ್ಕಿನ ಪಟ್ಟಿಯನ್ನು ಬೀಗದ ಬಾಯಿಗೆ ಒತ್ತಿಹಿಡಿದು, ಬಲಗೈಲಿ ತಂತಿ ತೂರಿಸಬೇಕು. ಒಳಗಿನ ಪುಟ್ಟ ಪಿನ್ನುಗಳನ್ನು ಒಂದೊಂದಾಗಿ ಎತ್ತಿ ಕೂರಿಸಬೇಕು. ಒಂದೊಂದು ಕೂತಾಗಲೂ ಬೆರಳಿಗೆ ಸಣ್ಣ ಮಿಡಿತ ತಿಳಿಯುತ್ತದೆ. ತಿಳಿಯುತ್ತಿತ್ತು. ಈಗ ತಂತಿ ಕೈಯಲ್ಲಿದೆಯೋ ಇಲ್ಲವೋ ಎಂಬುದನ್ನೂ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ತಂತಿ ಜಾರಿ ಬಿತ್ತು. ಮತ್ತೆ ತೂರಿಸಿದಳು, ಮತ್ತೆ ಬಿತ್ತು. ಒಳಗೆ ಕೆಮ್ಮು ಹೋಗಿ ಸೀಟಿಯಂಥ ಉಸಿರು ಶುರುವಾಗಿತ್ತು.

“ಅತ್ತೇ, ಮಾತಾಡ್ತಾ ಇರಿ!”

“ನೀನು... ಮಾತಾಡಿ ಅಂತ... ಹೇಳಿದ್ದು... ಇದೇ ಮೊದಲು.”

ಪಟ್ಟಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯಲೆಂದು ಅವಳು ತಂತಿಯ ಹಿಂದಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಔಷಧಿಯ ದೆಸೆಯಿಂದ ಬಾಯ್ತುಂಬ ಹುಣ್ಣು, ಕಣ್ಣಲ್ಲಿ ನೀರು ಚಿಮ್ಮಿತು. ಮುಂದಿನ ತುದಿ ಬೀಗದೊಳಗೆ ಏನಕ್ಕೋ ತಾಗಿತು. ಕಟ್. ದವಡೆಯಲ್ಲಿ ಮಿಡಿಯಿತು. ಬೆರಳು ಮರೆತದ್ದನ್ನು ಹಲ್ಲು ಹೇಳಿತು.

ಅವಳು ಮುಖವನ್ನೇ ಬಾಗಿಲಿಗೆ ಒತ್ತಿದಳು. ಇನ್ನೊಂದು ಪಿನ್ನು ಕೂತಿತು. ಇನ್ನೊಂದು ಕೂತು, ಜಾರಿ, ಮತ್ತೆ ಕೂತಿತು.

“ಒಳಗೆ ಸದ್ದೇ ಇಲ್ಲ ಬೀಗದಕ್ಕ! ಸರೀರಿ, ಒಡೆದುಬಿಡ್ತೀನಿ.”

ಬಾಯಲ್ಲಿ ತಂತಿ, ಮಾತಿಲ್ಲ. ಹಣೆಯಿಂದ ಬಾಗಿಲನ್ನು ಗುದ್ದಿದಳು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ ಬಲವಿಲ್ಲದ ಬೆರಳೊಂದು ಬಾಗಿಲನ್ನು ಕುಟ್ಟಿತು. ಒಡೀರಿ ಎಂದಿದ್ದವಳೇ ಈಗ ಬಡಗಿಯ ಸುತ್ತಿಗೆಗೆ ಮೊಣಕೈ ಅಡ್ಡ ಹಿಡಿದಳು. ಕಟ್. ಕೊನೆಯದೂ ಕೂತಿತು. ಪಟ್ಟಿ ತಿರುಗಿತು.

ಬಾಗಿಲಿನ ಜೊತೆಗೇ ಅತ್ತೆಯೂ ಹೊರಗೆ ಒರಗಿ ಸೊಸೆಯ ಮಡಿಲಿಗೆ ಬಿದ್ದರು. ತಲೆಯಿಂದ ಕಾಲಿನವರೆಗೆ ಸಿಮೆಂಟು, ಯಾರೋ ಅರ್ಧಕ್ಕೆ ಬಿಟ್ಟ ಪ್ರತಿಮೆಯ ಹಾಗೆ. ಬೀಗದಕ್ಕ ಪಂಪನ್ನು ಅವರ ಬಾಯಿಗಿಟ್ಟು ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಸೀಟಿ ಇಳಿಯಿತು. ತುಟಿಯ ನೀಲಿ ಕರಗಿತು. ಬಹಳ ಹೊತ್ತಿನ ಮೇಲೆ ಅತ್ತೆ ಎದ್ದು ಕೂತು, ಸೊಸೆಯ ಗಲ್ಲದ ಮೇಲಿನ ರಕ್ತವನ್ನು ಹೆಬ್ಬೆರಳಿನಲ್ಲಿ ಒರೆಸಿದರು.

“ತೆಗೆದ್ಯಲ್ಲೇ.”

“ಏನೋ ಅದೃಷ್ಟ ಅತ್ತೆ. ಹಳೇ ಬೀಗ, ಬಿಟ್ಟುಕೊಡ್ತು.” ಅವಳು ಬಡಗಿಯ ಕಡೆ ತಿರುಗಿದಳು. “ನೀವು ಪೆಟ್ಟಿಗೆ ತಗೊಂಡು ಹೋಗಿ.”

ಅತ್ತೆ ಗೋಡೆ ಹಿಡಿದು ಎದ್ದರು. ಸ್ನಾನದ ಮನೆಯಿಂದ ಒದ್ದೆ ಟವೆಲ್ ತಂದು ಮೂಗಿಗೆ ಕಟ್ಟಿಕೊಂಡರು. ಸೊಸೆಯ ಕೈಯಿಂದ ಪಂಪು ಕಿತ್ತುಕೊಂಡು, ಇನ್ನೊಂದು ಕೈಯಲ್ಲಿ ಸ್ಟೂಲು ಎಳೆಯುತ್ತಾ ಸೀದಾ ಸ್ಟೋರ್ ರೂಮಿಗೆ ನಡೆದರು.

“ಅತ್ತೇ! ಎಲ್ಲಿಗೆ?”

“ಒಂದು ಸಲ ತೆಗೆದಿದ್ದು ಅದೃಷ್ಟ ಅಂದ್ಯಲ್ಲ?” ಎಂದರು ಅತ್ತೆ, ಬಾಗಿಲು ಎಳೆದುಕೊಳ್ಳುತ್ತಾ. “ಅವಸರ ಇಲ್ಲ. ಇನ್ನೊಂದು ಸಲ ತೆಗಿ.”