ಒಂದೇ ಗಂಟಲಿನ ಸ್ಪೀಕರ್

"ಟವೆಲ್ ಬಿಗಿ ಕಟ್ಕೋರಿ. ಸಂದಿಯಾಗಿಂದ ನೋಡಬ್ಯಾಡ್ರಿ," ಎಂದಳು ಮಹಾಮಾಯಾ. ಅವಳ ಗಂಡ ನಾಗಸೇನ ಕಣ್ಣಿಗೆ ಟವೆಲ್ ಬಿಗಿದುಕೊಂಡು ಕುರ್ಚಿಯಲ್ಲಿ ಕೂತ. ಪಡಸಾಲೆಗೂ ಅಡುಗೆಮನೆಗೂ ನಡುವೆ ಪರದೆ ಇಳಿಬಿಟ್ಟಿತ್ತು. ಅದರ ಹಿಂದೆ ಅವನು ತಯಾರಿಸಿದ ಎರಡು ಸ್ಪೀಕರ್ ಡಬ್ಬಿ, ಅವನ್ನು ಹಾಡಿಸುವ ಆಂಪ್ಲಿಫೈಯರ್, ವೈರು ಬದಲಿಸಲು ಬಂದ ಗೆಳೆಯ ಮುಬಶ್ಶೀರ, ಮತ್ತು ಭಾಲ್ಕಿಯಿಂದ ಮಗಳ ಮನೆಗೆ ಬಂದು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಕೌಸಲ್ಯಾಬಾಯಿ. ಕರಾರು ಸರಳವಾಗಿತ್ತು. ಯಾವ ಡಬ್ಬಿ ಹಾಡುತ್ತಿದೆ ಎಂದು ನಾಗಸೇನ ಬರೀ ಕಿವಿಯಿಂದ ಗುರುತಿಸಿದರೆ ಡಬ್ಬಿಗಳು ಮನೆಯಲ್ಲಿರುತ್ತವೆ. ತಪ್ಪಿದರೆ ಈಗಿಂದೀಗಲೇ ಮುಬಶ್ಶೀರನ ರಿಪೇರಿ ಅಂಗಡಿಗೆ ಹೋಗುತ್ತವೆ.

ಹೆಂಡತಿಯ ಸಿಟ್ಟಿಗೆ ಕಾರಣವಿತ್ತು. ಊರಿನವರ ಡಬ್ಬಿಯಲ್ಲಿ ದಪ್ಪ ದನಿಗೊಂದು, ಸಣ್ಣ ದನಿಗೊಂದು ಸ್ಪೀಕರ್ ಇದ್ದರೆ ಇವನ ಡಬ್ಬಿಯಲ್ಲಿ ಎಲ್ಲಕ್ಕೂ ಒಂದೇ. "ಮನಷ್ಯಾಗ ಗಂಟಲು ಎಷ್ಟವ? ಒಂದೇ ಅಲ್ಲ?" ಎಂಬುದು ಅವನ ವಾದ. ಜೇಬು ಸಣ್ಣದು, ಶೋಕಿ ದೊಡ್ಡದು. ಹಳೇ ಟಿವಿಯ ಸ್ಪೀಕರ್ ತಂದ, ಕಾರಿನದು ತಂದ, ಯಾವುದೂ ಒಗ್ಗಲಿಲ್ಲ. ಕಡೆಗೆ ಬೀದರಿನ ಗುಜರಿಯೊಂದರಲ್ಲಿ ಹಳೇ ರೇಡಿಯೋಗಳ ಸ್ಪೀಕರ್ ಒಂದು ಜೊತೆ ಸಿಕ್ಕಿತು. ಒಂದನ್ನು ಇದ್ದ ಹಾಗೇ ಡಬ್ಬಿಯಲ್ಲಿ ಕೂರಿಸಿದ. ಇನ್ನೊಂದರ ಮೇಲೆ ತನ್ನ ವಿದ್ಯೆಯೆಲ್ಲ ತೋರಿಸಿದ: ನಡುವೆ ಧೂಳು ತಡೆಯುವ ಟೋಪಿ ಕತ್ತರಿಸಿದ, ದನಿ ಹೊರಡಿಸುವ ಕಾಗದದ ಕೋನಿಗೆ ತೆಳ್ಳಗೆ ಅಂಟು ಬಳಿದ, ಚೀರದಿರಲೆಂದು ಬಾಯಿಗೆ ಬಟ್ಟೆ ಹಚ್ಚಿದ, ದನಿ ಒಳಗೇ ಗುಂಯ್‌ಗುಡಬಾರದೆಂದು ಔರಾದದಿಂದ ತಂದ ಕುರಿ ಉಣ್ಣೆ ತುರುಕಿದ. ಉಣ್ಣೆಯನ್ನು ಮೊದಲು ತೊಳೆಯಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಮನೆಗೆ ಬಂದವರೆಲ್ಲ ಕುರಿ ಎಲ್ಲಿ ಕಟ್ಟಿದ್ದೀರಿ ಎಂದು ಕೇಳತೊಡಗಿದ್ದರು.

ಪರೀಕ್ಷೆಗೆ ಆರಿಸಿದ್ದು ಅತ್ತೆಯ ಹಾಡು. ಭಾಲ್ಕಿಯ ಸುತ್ತಮುತ್ತ ಅರಿಶಿಣದ ಹಾಡೆಂದರೆ ಕೌಸಲ್ಯಾಬಾಯಿಯೇ ಬರಬೇಕು. ಕಿರಿಮಗಳು ಮನಿಷಾಳ ಮದುವೆಯಲ್ಲಿ ಅವರೊಬ್ಬರೇ ಹಾಡಿದ್ದನ್ನು ನಾಗಸೇನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಹಾಡು ಶುರುವಾಯಿತು. "ಇದು ಸಾದಾ ಡಬ್ಬಿ," ಎಂದ. ಸರಿ ಇತ್ತು. ವೈರು ಬದಲಾಯಿತು. "ಆಹಾ, ಇದು ನಾ ಮಾಡಿದ್ದು! ಅತ್ತಿ ಮುಂದ ಕೂತು ಹಾಡ್ದಂಗ ಅದ," ಎಂದ. ಅದೂ ಸರಿ ಇತ್ತು. ಪರದೆಯ ಅಂಚಿನಲ್ಲಿ ನಿಂತಿದ್ದ ಮಹಾಮಾಯಾಳ ಮುಖ ಸಣ್ಣದಾಯಿತು. "ಇನ್ನೊಂದು ಸಲ. ಇದೇ ಕಡೀದು," ಎಂದಳು. ಮುಬಶ್ಶೀರ ಮತ್ತೆ ಅದೇ ಉಣ್ಣೆಯ ಡಬ್ಬಿಯನ್ನೇ ಹಾಡಿಸಿದ. ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು.

ಚಳಿಗಾಲದ ಹಗಲು, ಫ್ಯಾನೂ ತಿರುಗುತ್ತಿರಲಿಲ್ಲ. ಕಣ್ಣು ಕಟ್ಟಿಕೊಂಡವನಿಗೆ ಕರೆಂಟು ಹೋದದ್ದು ಗೊತ್ತಾಗುವ ಬಗೆಯೇ ಇರಲಿಲ್ಲ; ಹಾಡು ನಿಂತದ್ದು ವೈರು ಬದಲಿಸಲೆಂದೇ ಅಂದುಕೊಂಡ. ಆದರೆ ಕೌಸಲ್ಯಾಬಾಯಿಯವರಿಗೆ ಜೀವ ತಡೆಯಲಿಲ್ಲ. ಅರಿಶಿಣದ ಹಾಡು ನಡುವೆ ನಿಂತರೆ ಮದುಮಗಳಿಗೆ ಒಳ್ಳೆಯದಲ್ಲ ಎಂದು ನಂಬಿದವರು ಅವರು. ಆ ಮದುಮಗಳು ಈಗ ಎರಡು ಮಕ್ಕಳ ತಾಯಿ ಎಂಬುದು ಬೇರೆ ಮಾತು. ಮೆಂತ್ಯದ ಕಟ್ಟನ್ನು ಕೆಳಗಿಟ್ಟು, ಡಬ್ಬಿ ಬಿಟ್ಟಲ್ಲಿಂದಲೇ ಹಿಡಿದು ಹಾಡತೊಡಗಿದರು.

"ಹಾಂ, ಸಾದಾ ಡಬ್ಬಿಗಿ ಬದಲಿಸಿದಿ ನೋಡು!" ನಾಗಸೇನ ತೊಡೆ ತಟ್ಟಿದ. "ನನ್ನ ಕಿವಿಗೇ ಮೋಸ ಮಾಡ್ತಿ ಏನು? ಕೇಳು, ಮೂಗಿನಾಗಿಂದ ಆವಾಜ್ ಬರ್ತದ. ಮ್ಯಾಲಿನ ಸ್ವರಕ್ಕ ಹೋದ್ರ ಚೀರ್ತದ. ಕೆಳಗ ದಮ್ಮೇ ಇಲ್ಲ."

"ನಾಗಸೇನ ಭಾಯ್, ಬಸ್ ಮಾಡ್ರಿ, ಸಾಕ್ರಿ," ಎಂದು ಪರದೆಯ ಹಿಂದಿನಿಂದ ಮುಬಶ್ಶೀರ ಬೇಡಿಕೊಂಡ.

"ಯಾಕ ಬಸ್? ಖರೆ ಹೇಳ್ತೇನಿ, ಇದರ ಕೋನ್ ಹಳೇದಾಗ್ಯದ, ಸುಕ್ಕು ಬಿದ್ದದ. ಬಾಯಿಗಿ ಬಟ್ಟಿ ಕಟ್ಟದಿದ್ರ ಇದನ್ನ ಮನ್ಯಾಗ ಇಟ್ಕೊಳ್ಳಲಾಕ ಬರಲ್ಲ."

ಕೌಸಲ್ಯಾಬಾಯಿ ಒಂದು ಸಾಲೂ ಬಿಡದೆ ಹಾಡು ಮುಗಿಸಿದರು. ಆಮೇಲೆ ಪರದೆ ಸರಿಸಿ ಹೊರಗೆ ಬಂದರು. ಟವೆಲ್ ಬಿಚ್ಚಿದ ನಾಗಸೇನ ಅತ್ತೆಯನ್ನು ನೋಡಿದ. ಅವರ ಹಿಂದೆ ದೀಪ ಆರಿ ಕೂತ ಆಂಪ್ಲಿಫೈಯರನ್ನು ನೋಡಿದ. ಗೋಡೆಗೆ ಮುಖ ತಿರುಗಿಸಿ ನಗುತ್ತಿದ್ದ ಹೆಂಡತಿಯನ್ನೂ ನೋಡಿದ. ನಾಚಿಕೆಯಿಂದ ಅವನಿಗೆ ಎಲ್ಲಿ ಅಡಗಲಿ ಎನ್ನುವಂತಾಯಿತು.

"ಸೋತ್ರಿ," ಎಂದಳು ಮಹಾಮಾಯಾ. "ಡಬ್ಬಿ ಒಯ್ಯಿರಿ ಮುಬಶ್ಶೀರ ಭಾಯ್."

"ತಡಿಯವ್ವಾ," ಎಂದರು ಕೌಸಲ್ಯಾಬಾಯಿ. ಅವರಿಗೆ ಸಿಟ್ಟು ಬಂದಿರಲಿಲ್ಲ, ಚಿಂತೆ ಹತ್ತಿತ್ತು. ಇಷ್ಟು ಮದುವೆಗಳಲ್ಲಿ ಹಾಡಿದರೂ ದನಿ ಮೂಗಿನಿಂದ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಸೆರಗಿನ ತುದಿಯನ್ನು ಮಡಿಚಿ ಬಾಯಿಗೆ ಅಡ್ಡ ಹಿಡಿದು, ಮೊದಲ ಸಾಲನ್ನು ಇನ್ನೊಮ್ಮೆ ಹಾಡಿದರು. "ಈಗ ಹ್ಯಾಂಗ ಅದರಿ ಅಳ್ಯಾರ? ಚಲೋ ಅದ ಅಂತ ಒಂದು ಮಾತು ಅನ್ರಿ, ಡಬ್ಬಿ ಮನ್ಯಾಗೇ ಇರಲಿ. ಇಕಿಗಿ ನಾ ಹೇಳ್ತೇನಿ."

ಒಂದೇ ಮಾತು. ಅಷ್ಟು ಹೇಳಿ ಕೈಮುಗಿದಿದ್ದರೆ ಡಬ್ಬಿಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ತಾಯಿಯ ಮುಖ ನೋಡಲಾಗದೆ ಮಹಾಮಾಯಾ ಕೂಡ, ಹೇಳಿಬಿಡಿ ಎಂದು ಕಣ್ಸನ್ನೆ ಮಾಡಿದಳು. ನಾಗಸೇನ ಬಾಯಿ ತೆರೆದ. ಆದರೆ ಆ ಹೊತ್ತಿಗಾಗಲೇ, ಡಬ್ಬಿಯ ದನಿ ಪರೀಕ್ಷಿಸುವವನಂತೆ, ಅವನ ತಲೆ ವಾರೆಯಾಗಿತ್ತು, ಕಣ್ಣು ಅರೆಮುಚ್ಚಿತ್ತು.

"ಚಲೋ ಆಗ್ಯದ್ರಿ ಅತ್ತಿಯವರೆ. ಮ್ಯಾಲಿನ ಸ್ವರ ಭಾಳ ಮೆತ್ತಗ ಬಂದಾವ. ಆದ್ರ..."

'ಆದ್ರ' ಎಂಬುದು ಕಿವಿಗೆ ಬಿದ್ದದ್ದೇ ತಡ, ಮುಬಶ್ಶೀರ ಎರಡು ಬಗಲಿಗೆ ಎರಡು ಡಬ್ಬಿ ಅವುಚಿಕೊಂಡು ಆಟೋ ಕೂಗಲು ಬೀದಿಗೆ ನಡೆದ.